ಸ್ವಾಮಿಯನ್ನು ಯಾರು ಬೈಯುತ್ತಾರೆ?

ಈ ಸರಣಿಯಲ್ಲಿ ಎಲ್ಲರೂ ಯಾತ್ರೆಯ ಅನುಭವ ಬರೆಯುತ್ತಿದ್ದಾರೆ. ನಾನು ಒಂದು ಸಂಶಯ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ.

ಮಾಲೆ ಹಾಕಿದ ದಿನ ಮಹಾಲಿಂಗಪುರಂ ದೇವಸ್ಥಾನದಲ್ಲಿ ನಮ್ಮ ಗುರುಸ್ವಾಮಿ ಒಂದು ಮಾತು ಹೇಳಿದರು. ಇರುಮುಡಿ ಕಟ್ಟುವುದರೊಳಗೆ ಯಾರ ಮನಸ್ಸು ನೋಯಿಸಿದ್ದೀರೋ ಅವರ ಹತ್ತಿರ ಕ್ಷಮೆ ಕೇಳಿಬಿಡಿ ಅಂತ. ಮನೆಯವರ ಹತ್ತಿರ ಕೇಳುವುದು ಸುಲಭ. ನನಗೆ ಕಷ್ಟವಾದದ್ದು ಹೈಸ್ಕೂಲಿನ ಒಬ್ಬ ಸ್ನೇಹಿತನ ಹತ್ತಿರ.

ನಮ್ಮೂರು ತಾಳವಾಡಿ ಕಡೆ. ಜಿಲ್ಲೆ ಈರೋಡು, ರಾಜ್ಯ ತಮಿಳುನಾಡು, ಮನೆಮಾತು ಕನ್ನಡ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಕಡೆ ಹತ್ತನೇ ತರಗತಿ ಮುಗಿಯುತ್ತಲೇ ಸ್ನೇಹಿತರು ದಿಕ್ಕಿಗೊಬ್ಬರಾಗುತ್ತಾರೆ. ಕನ್ನಡದಲ್ಲೇ ಓದುತ್ತೇನೆ ಅನ್ನುವವನು ಚಾಮರಾಜನಗರದ ಬಸ್ಸು ಹತ್ತುತ್ತಾನೆ. ತಮಿಳುನಾಡಿನಲ್ಲಿ ಕೆಲಸ ಬೇಕು ಅನ್ನುವವನು ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲದ ಕಡೆ ಹೋಗುತ್ತಾನೆ. ಓದು ಸಾಕು ಅನ್ನುವವನು ತಿರುಪ್ಪೂರಿನ ಬನಿಯನ್ ಕಂಪನಿಗೆ. 2014ರಲ್ಲಿ ನಾವು ಒಂದೇ ಬೆಂಚಿನ ನಾಲ್ವರು ಹೀಗೆಯೇ ಚದುರಿದೆವು. ಒಬ್ಬ ಪಿಯುಸಿಗೆ, ಒಬ್ಬ ಅಪ್ಪನ ಜೊತೆ ಚೆಂಡುಹೂವಿನ ಹೊಲಕ್ಕೆ, ಒಬ್ಬ ತಿರುಪ್ಪೂರಿಗೆ, ನಾನು ಡಿಪ್ಲೊಮಾಕ್ಕೆ.

ಇಬ್ಬರ ಬಗ್ಗೆ ನನಗೆ ಚಿಂತೆಯಿಲ್ಲ. ದಾರಿ ಬೇರೆಯಾಯಿತು, ಮಾತು ಕಡಿಮೆಯಾಯಿತು. ವಾಟ್ಸಾಪಿನಲ್ಲಿ ಹುಟ್ಟುಹಬ್ಬಕ್ಕೆ ಒಂದು ಕೇಕಿನ ಚಿತ್ರ, ಅಷ್ಟೇ. ಅದರಲ್ಲಿ ಯಾರ ತಪ್ಪೂ ಇಲ್ಲ ಅಂತ ನನ್ನ ಅಭಿಪ್ರಾಯ. ಹಳೆಯ ಸ್ನೇಹವನ್ನೆಲ್ಲ ಹಿಡಿದಿಟ್ಟುಕೊಳ್ಳಲೇಬೇಕು ಅನ್ನುವುದೂ ಒಂದು ಥರದ ಆಸೆಯೇ.

ತಿರುಪ್ಪೂರಿನವನ ವಿಷಯ ಹಾಗಲ್ಲ. ನನಗೆ ಫೀಸು ಕಟ್ಟಲು ದುಡ್ಡು ಸಾಲದಾಗ ಅವನು ತನ್ನ ಮೊದಲ ಸಂಬಳಗಳಲ್ಲಿ ಉಳಿಸಿದ ನಾಲ್ಕು ಸಾವಿರ ರೂಪಾಯಿ ಕೊಟ್ಟ. ಮುಂದಿನ ವರ್ಷ ಅವನ ಮನೆಯ ರಾಗಿ ಹೊಲಕ್ಕೆ ರಾತ್ರಿ ಆನೆ ನುಗ್ಗಿ ಬೆಳೆಯೆಲ್ಲ ಹೋಯಿತು. ಆಗ ಅವನು ನನಗೆ ಫೋನ್ ಮಾಡಿದ. ನಾನು ಕೈಯಲ್ಲೇ ಫೋನ್ ಹಿಡಿದುಕೊಂಡಿದ್ದೆ, ಅವನ ಹೆಸರು ನೋಡಿದೆ, ಎತ್ತಲಿಲ್ಲ. ಕೊಡಲು ದುಡ್ಡಿರಲಿಲ್ಲ. ಅವನು ದುಡ್ಡು ಕೇಳಲೆಂದೇ ಮಾಡಿದ್ದನೋ ಅಥವಾ ಸುಮ್ಮನೆ ಹೇಳಿಕೊಳ್ಳಲೋ, ಅದನ್ನೂ ತಿಳಿದುಕೊಳ್ಳಲಿಲ್ಲ. ಮೂರು ಸಲ ಮಾಡಿದ. ಆಮೇಲೆ ಮಾಡಲಿಲ್ಲ.

ದೀಪಾವಳಿಗೆ ಊರಿಗೆ ಹೋದರೂ ಗುಮಟಾಪುರದ ಗೊರೆಹಬ್ಬಕ್ಕೆ ಹೋಗುವುದನ್ನು ಬಿಟ್ಟೆ. ಮೊದಲು ನಾವು ನಾಲ್ವರೂ ಅಲ್ಲಿ ಸಗಣಿಯಲ್ಲಿ ಮುಳುಗಿ ಏಳುತ್ತಿದ್ದವರು. ಅವನು ಸಿಕ್ಕಿಬಿಡುತ್ತಾನೆ ಅಂತ ಭಯ. ಅಮ್ಮ ಕೇಳಿದರೆ "ಅವನಿಗೂ ನನಗೂ ಅಷ್ಟೇ ಋಣ ಇದ್ದದ್ದು" ಅನ್ನುತ್ತಿದ್ದೆ. ಎಷ್ಟು ಸಲೀಸಾದ ಮಾತು ನೋಡಿ. ನಾಲ್ಕು ಸಾವಿರ ಬಾಕಿ ಇಟ್ಟುಕೊಂಡವನು ಋಣ ಇಲ್ಲ ಅನ್ನುವುದು! ಚೆನ್ನೈನಲ್ಲಿ ಕೆಲಸ ಸಿಕ್ಕಿ, ಕೈಯಲ್ಲಿ ದುಡ್ಡು ನಿಂತ ಮೇಲೂ ಸುಮ್ಮನಿದ್ದೆ. 2021ರಲ್ಲಿ ಒಂದು ರಾತ್ರಿ ಗೂಗಲ್ ಪೇಯಲ್ಲಿ ನಾಲ್ಕು ಸಾವಿರ ಕಳಿಸಿದೆ. ಒಂದು ಅಕ್ಷರವೂ ಬರೆಯಲಿಲ್ಲ. ಅವನಿಂದಲೂ ಏನೂ ಬರಲಿಲ್ಲ.

ಗುರುಸ್ವಾಮಿ ಹೇಳಿದ ಮೇಲೆ, ಒಂದು ರಾತ್ರಿ ಭಜನೆ ಮುಗಿಸಿ ಬಂದು ಧೈರ್ಯ ಮಾಡಿ ಫೋನ್ ಮಾಡಿದೆ. ನಾನು ಮಾಲೆ ಹಾಕಿರುವುದು ಸ್ಟೇಟಸ್ ನೋಡಿ ಅವನಿಗೆ ಗೊತ್ತಿತ್ತು. "ಹೇಳಿ ಸ್ವಾಮಿ" ಅಂದ. ನಾನು ಎಲ್ಲ ಹೇಳಿದೆ, ಕ್ಷಮಿಸು ಅಂದೆ. "ಅಯ್ಯೋ ಬುಡಿ ಸ್ವಾಮಿ, ಮಾಲೆ ಹಾಕ್ಕಂಡು ಇಂಥ ಮಾತು ಯಾಕೆ. ನನ್ನ ಹೆಸರಲ್ಲೂ ಒಂದು ಕಾಯಿ ಒಡೀರಿ" ಅಂದ. ಎರಡು ನಿಮಿಷದಲ್ಲಿ ಮಾತು ಮುಗಿಯಿತು. ಅವತ್ತು ಹಗುರವಾಗಿ ನಿದ್ದೆ ಬಂತು.

ಮಾರನೇ ದಿನ ಆಫೀಸಿನಲ್ಲಿ ಒಬ್ಬರು ಲ್ಯಾಪ್‌ಟಾಪ್ ಕೆಟ್ಟಿದೆ, ಬೆಳಿಗ್ಗೆಯಿಂದ ಕಾಯುತ್ತಿದ್ದೇನೆ ಅಂತ ಕೂಗಾಡುತ್ತಿದ್ದರು. ನಾನು ಕಪ್ಪು ಬಟ್ಟೆಯಲ್ಲಿ ಹೋಗಿ ನಿಂತೆ. ತಕ್ಷಣ ದನಿ ಇಳಿಸಿ "ಪರವಾಗಿಲ್ಲ ಸಾಮಿ, ನಿಧಾನಕ್ಕೆ ನೋಡಿ" ಅಂದರು. ತಪ್ಪು ನಮ್ಮದೇ, ತಡ ಮಾಡಿದ್ದು ನಾವೇ. ಮಾಲೆ ಇಲ್ಲದ ದಿನವಾಗಿದ್ದರೆ ಇದೇ ತಪ್ಪಿಗೆ ಚೆನ್ನಾಗಿ ಬೈಸಿಕೊಳ್ಳುತ್ತಿದ್ದೆ. ಈ ನಲವತ್ತೊಂದು ದಿನ ಚೆನ್ನೈನಲ್ಲಿ ಎಲ್ಲ ಕಡೆಯೂ ಹೀಗೆ. ಟೀ ಅಂಗಡಿಯವರು ಬೆಂಚು ಒರೆಸಿಕೊಡುತ್ತಾರೆ, ಬಸ್ಸಿನಲ್ಲಿ ಜಾಗ ಬಿಡುತ್ತಾರೆ.

ಆಗ ಹೊಳೆಯಿತು. ಅವನು ನನಗೆ ಯಾವತ್ತೂ "ಬುಡಿ" ಅಂದವನಲ್ಲ. "ಏನ್ಲಾ" ಅಂತಿದ್ದ. ನಿನ್ನೆ ಅವನು ಮಾತಾಡಿದ್ದು ನನ್ನ ಹತ್ತಿರ ಅಲ್ಲ, ಮಾಲೆಯ ಹತ್ತಿರ. ಸಿಟ್ಟು ಇದ್ದರೂ ತೋರಿಸುವ ಹಾಗಿಲ್ಲ. ಸ್ವಾಮಿಯನ್ನು ಯಾರು ಬೈಯುತ್ತಾರೆ? ಅವನಿಗೆ ಬೈಯಲು ಜಾಗವೇ ಇಲ್ಲದ ಸಮಯ ನೋಡಿ ನಾನು ಕ್ಷಮೆ ಕೇಳಿದ ಹಾಗಾಯಿತು. ಬೇಕೆಂದು ಮಾಡಿದ್ದಲ್ಲ, ಆದರೂ ಹಾಗಾಯಿತು. ನಮ್ಮ ಕೆಲಸದಲ್ಲೂ ಇದುಂಟು. ಬಳಸುವವರು ಬೇಸತ್ತು "ಸರಿ ಬಿಡಿ" ಅಂದರೆ ಸಾಕು, ಟಿಕೆಟ್ ಮುಚ್ಚಿಬಿಡುತ್ತೇವೆ. ಮೆಷೀನು ಸರಿಯಾಗಿದೆಯಾ ಅಂತ ನೋಡುವುದಿಲ್ಲ.

ರೂಮಿನ ಇನ್ನೊಬ್ಬ ಸ್ವಾಮಿಯ ಹತ್ತಿರ ಇದನ್ನು ಹೇಳಿದೆ. ಅವರು ಒಪ್ಪಲಿಲ್ಲ. "ಮಾಲೆ ಇಲ್ಲದಿದ್ದರೆ ನೀವು ಫೋನೇ ಮಾಡುತ್ತಿರಲಿಲ್ಲ. ಧೈರ್ಯ ಕೊಟ್ಟದ್ದೇ ಅಯ್ಯಪ್ಪ" ಅಂದರು. ಅದು ನಿಜ, ನನ್ನ ಹತ್ತಿರ ಉತ್ತರವಿಲ್ಲ. ಆದರೆ ಮಾಲೆ ಕೊಡುವ ಧೈರ್ಯ ಬೇರೆ, ಕೊಡುವ ರಕ್ಷಣೆ ಬೇರೆ. ನಾನು ಎರಡನ್ನೂ ಒಟ್ಟಿಗೆ ತೆಗೆದುಕೊಂಡೆ. ಸನ್ನಿಧಾನದಲ್ಲಿ ತತ್ತ್ವಮಸಿ ಅಂತ ಬರೆದಿದೆ. ಎಲ್ಲರಲ್ಲೂ ಅವನೇ ಇದ್ದಾನೆ ಅಂತ ನಾವು ಒಬ್ಬರಿಗೊಬ್ಬರು ಸ್ವಾಮಿ ಅನ್ನುತ್ತೇವೆ. ಹಾಗಾದರೆ ತಿರುಪ್ಪೂರಿನಲ್ಲಿ ಹೊಲಿಗೆ ಮೆಷೀನಿನ ಮುಂದೆ ಕೂತವನೂ ಸ್ವಾಮಿಯೇ ಅಲ್ಲವೆ? ಆ ಮೂರು ಫೋನ್ ಮಾಡಿದ್ದೂ ಸ್ವಾಮಿಯೇ.

ಎರುಮೇಲಿಯಲ್ಲಿ ವಾವರನ ಮಸೀದಿಗೆ ಸುತ್ತು ಬರುವಾಗ ಪ್ರತಿ ವರ್ಷ ಸ್ನೇಹ ದೊಡ್ಡದು ಅಂತ ಮಾತ್ರ ಅಂದುಕೊಳ್ಳುತ್ತಿದ್ದೆ. ಕಥೆಯ ಮೊದಲ ಭಾಗ ನೆನಪಾದದ್ದು ಈ ಸಲವೇ. ವಾವರ ಮೊದಲು ಅಯ್ಯಪ್ಪನ ಎದುರು ನಿಂತು ಯುದ್ಧ ಮಾಡಿದವನು. ಸ್ನೇಹವಾದದ್ದು ಆಮೇಲೆ. ನನ್ನ ಸ್ನೇಹಿತನಿಗೆ ನಾನು ಆ ಯುದ್ಧದ ಅವಕಾಶವನ್ನೇ ಕೊಟ್ಟಿಲ್ಲ.

ಅದಕ್ಕೇ ಯಾತ್ರೆ ಮುಗಿಸಿ, ಮಾಲೆ ತೆಗೆದ ಮೇಲೆ ಪೊಂಗಲ್ ರಜೆಗೆ ಊರಿಗೆ ಹೋಗುತ್ತೇನೆ. ಘಾಟಿಯಲ್ಲಿ ರಾತ್ರಿ ವಾಹನ ಬಿಡುವುದಿಲ್ಲ, ಬೆಳಿಗ್ಗೆ ಹತ್ತಬೇಕು. ಹಬ್ಬಕ್ಕೆ ಅವನೂ ಬಂದಿರುತ್ತಾನೆ. ಪ್ಯಾಂಟು ಶರ್ಟಿನಲ್ಲೇ ಅವನ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಬೈದರೆ ಕೇಳಿಸಿಕೊಳ್ಳುತ್ತೇನೆ. ಒಳಗೆ ಕರೆಯದೆ ಇದ್ದರೂ ಇರಬಹುದು.

ಗುರುಸ್ವಾಮಿಗೆ ಇದನ್ನೆಲ್ಲ ಹೇಳಿದಾಗ ಅವರು ನಕ್ಕು, "ಅದಿರಲಿ, ಅವನು ಕೇಳಿದ ಕಾಯಿ ಮರೆಯಬೇಡ" ಅಂದರು. ನಿನ್ನೆ ಮಾರುಕಟ್ಟೆಯಲ್ಲಿ ನನ್ನ ಕಾಯಿಗಳ ಜೊತೆ ಅವನದೂ ಒಂದು ತಂದಿಟ್ಟಿದ್ದೇನೆ. ಶನಿವಾರ ನಮ್ಮ ಇರುಮುಡಿ ಕಟ್ಟು.

ಸ್ವಾಮಿ ಶರಣಂ.