ಸಹಿ ಹಾಕದ ಕೈ

ವೀರಗಲ್ಲು ನೋಡಿರ್ತೀರಿ. ಊರ ಹೊರಗೆ, ಕೆರೆ ಏರಿಯ ಮೇಲೆ, ಗುಡಿಯ ಪಕ್ಕ ಅರ್ಧ ಮಣ್ಣಲ್ಲಿ ಹೂತು ನಿಂತಿರೋ ಕಲ್ಲು. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಅವನು. ದನ ಹೊಡೆದುಕೊಂಡು ಹೋದವರ ಬೆನ್ನತ್ತಿ ಸತ್ತವನು, ಊರು ಕಾಯಲು ನಿಂತು ಸತ್ತವನು. ಹೆಂಗಸರಿಗೆ ಕಲ್ಲು ಇಲ್ವಾ ಅಂದ್ರೆ, ಇದೆ. ಮಾಸ್ತಿಗಲ್ಲು. ಎಷ್ಟೋ ಮಾಸ್ತಿಗಲ್ಲುಗಳಲ್ಲಿ ಪೂರ್ತಿ ಹೆಂಗಸೂ ಇರೋದಿಲ್ಲ. ಬಳೆ ತೊಟ್ಟ, ಮೇಲೆತ್ತಿದ ಒಂದು ಕೈ, ಅಷ್ಟೇ. ಗಂಡನ ಚಿತೆ ಏರಿದವಳ ಕೈ.

ಅಂದ್ರೆ ಸತ್ತರೆ ಮಾತ್ರ ಕಲ್ಲು. ಚಿತೆ ಏರದೆ ಮನೆಗೆ ಬಂದು, ಮರುದಿನ ಬೆಳಗ್ಗೆ ಒಲೆ ಹಚ್ಚಿ ಮಕ್ಕಳಿಗೆ ಅಂಬಲಿ ಕಾಸಿದವಳಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ಸಾಹಸ ಅಂದ ಕೂಡಲೇ ನಮಗೆ ಬೇಕಾಗೋದು ಒಂದು ಘಟನೆ. ಚಿತ್ರದುರ್ಗದ ಓಬವ್ವನ ಕತೆ ನೋಡಿ. ಗಂಡ ಊಟಕ್ಕೆ ಕೂತಿದ್ದಾನೆ, ಇವಳು ನೀರು ತರಲು ಹೋಗಿದ್ದಾಳೆ, ಕಿಂಡಿಯಿಂದ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿ ಬರ್ತಿದ್ದಾರೆ. ಕೈಗೆ ಸಿಕ್ಕಿದ್ದು ಒನಕೆ. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಅವಳ ಜಯಂತಿ ಮಾಡ್ತಿದೆ, ಸರಿಯಾದದ್ದೇ. ಆದರೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿದುಬಿಟ್ಟಿದೆ. ಆವತ್ತು ಸೈನಿಕರು ಬರದೇ ಹೋಗಿದ್ದರೆ? ಅದೇ ಹೆಂಗಸು, ಅದೇ ಒನಕೆ, ಅದೇ ಗುಂಡಿಗೆ. ಹೆಸರು ಮಾತ್ರ ಇರ್ತಿರಲಿಲ್ಲ. ಸೈನಿಕರು ಬಂದಿದ್ದರಿಂದ ಅವಳಿಗೆ ಧೈರ್ಯ ಹುಟ್ಟಲಿಲ್ಲ. ಇದ್ದದ್ದು ನಮಗೆ ಕಂಡಿತು.

ಹಾಗಾದರೆ ಕಾಣದೇ ಉಳಿದದ್ದನ್ನು ಗುರುತಿಸೋದು ಹೇಗೆ?

ನಾನು ಬೀದರ ಜಿಲ್ಲೆಯವನು, ಈಗ ಬೆಂಗಳೂರಲ್ಲಿ ಕೆಲಸ. ನಮ್ಮ ದೊಡ್ಡವ್ವ ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾಳೆ. ಗಂಡ ತೀರಿಕೊಂಡಾಗ ಅವಳಿಗೆ 27 ವರ್ಷ, ಮೂರು ಮಕ್ಕಳು, ಗಂಡನ ಪಾಲಿನ ಮೂರು ಎಕರೆ ಕಪ್ಪು ನೆಲ. ದಿನಕರ್ಮ ಮುಗಿದು ತಿಂಗಳೂ ಆಗಿರಲಿಲ್ಲ, ಮೈದುನರು ಕಾಗದ ತಂದರು. ಹಕ್ಕು ಬಿಡುಗಡೆ ಪತ್ರ. ಯಾರೂ ಜೋರು ಮಾಡಲಿಲ್ಲ, ಬೈಯಲಿಲ್ಲ. "ನೀ ಒಬ್ಬಾಕಿ ಹೆಂಗ್ ಹೊಲ ಮಾಡ್ತಿ, ನಾವು ನೋಡ್ಕೋತೀವಿ, ಇಲ್ಲಿ ಸಹಿ ಮಾಡು" ಅಂತ ಪ್ರೀತಿಯಿಂದಲೇ ಹೇಳಿದರು. ಇಂಥ ಪ್ರೀತಿಗೆ ಇಲ್ಲ ಅನ್ನೋದು ಬೈಗುಳಕ್ಕೆ ಎದುರು ನಿಲ್ಲೋದಕ್ಕಿಂತ ಕಷ್ಟ.

ದೊಡ್ಡವ್ವ ಹೇಳಿದ್ದು ಇಷ್ಟೇ: "ಸಹಿ ಮಾಡಂಗಿಲ್ಲ. ರೊಟ್ಟಿ ಆರ್ಲತ್ತಾವ, ಉಣ್ರಿ."

ಅವರು ಉಂಡು ಹೋದರು. ಆಮೇಲೆ ಬಿತ್ತನೆಗೆ ಎತ್ತು ಕೊಡಲಿಲ್ಲ. ಮದುವೆ, ತೊಟ್ಟಿಲಿಗೆ ಕರೆಯಲಿಲ್ಲ. ಎಳ್ಳಮವಾಸ್ಯೆಗೆ ನಮ್ಮ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಭಜ್ಜಿ ಕಟ್ಟಿಕೊಂಡು ಹೋಗಿ ಒಟ್ಟಿಗೆ ಉಣ್ಣೋದು ಪದ್ಧತಿ. ಇವಳು ತನ್ನ ಮೂರು ಎಕರೆಯಲ್ಲಿ ಮೂರು ಮಕ್ಕಳನ್ನು ಕೂರಿಸಿಕೊಂಡು ಉಂಡಳು. ಪಕ್ಕದ ಬದುವಿನಾಚೆ ಉಳಿದ ಮನೆಮಂದಿ. ಹೀಗೆ 11 ವರ್ಷ. ತನ್ನ ಹೊಲದ ಕೆಲಸ ಮುಗಿಸಿ ಬೇರೆಯವರ ಹೊಲದಲ್ಲಿ ಕಳೆ ತೆಗೆಯಲು ಕೂಲಿಗೆ ಹೋದಳು. ಬಾಡಿಗೆ ಎತ್ತು ತಂದು ತೊಗರಿ, ಉದ್ದು ಬಿತ್ತಿದಳು.

ಇದನ್ನು ಸಾಹಸ ಅಂದರೆ ಗೆಳೆಯನೊಬ್ಬ ಒಪ್ಪಲಿಲ್ಲ. "ಅವರಿಗೆ ಬೇರೆ ದಾರಿ ಎಲ್ಲಿತ್ತು? ಅನಿವಾರ್ಯಕ್ಕೆ ಮಾಡಿದ್ದು ಹೇಗೆ ಹೀರೋಯಿಸಂ ಆಗ್ತದೆ?" ಅಂದ. ಒಳ್ಳೆ ಪ್ರಶ್ನೆ. ಕಷ್ಟಪಟ್ಟವರೆಲ್ಲ ವೀರರಲ್ಲ ಅನ್ನೋದನ್ನು ನಾನೂ ಒಪ್ತೀನಿ. ಕಷ್ಟ ಬರೋದು ಯಾರ ಸಾಧನೆಯೂ ಅಲ್ಲ. ಆದರೆ ದೊಡ್ಡವ್ವನಿಗೆ ದಾರಿ ಇತ್ತು, ಅದೂ ಸುಲಭದ್ದು: ಸಹಿ. ಸಹಿ ಹಾಕಿದ್ದರೆ ಎತ್ತು, ಮದುವೆ, ಚರಗ ಎಲ್ಲಾ ಉಳೀತಿತ್ತು. ಗಂಡನ ಆಸ್ತಿಯಲ್ಲಿ ಹೆಂಡತಿಗೂ ಮಕ್ಕಳಷ್ಟೇ ಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳ್ತದೆ, ನಿಜ. ಆದರೆ ಕಾನೂನು ಹಕ್ಕು ಕೊಡ್ತದೆ, ಎತ್ತು ಕೊಡೋದಿಲ್ಲ. ಏನು ಕಳ್ಕೋತೀನಿ ಅಂತ ಗೊತ್ತಿದ್ದೂ, ತಪ್ಪಿಸಿಕೊಳ್ಳೋಕೆ ಬಾಗಿಲು ತೆರೆದಿದ್ದೂ, ಇನ್ನೊಬ್ಬರ ಸಲುವಾಗಿ ನಿಲ್ಲೋದು. ರಣರಂಗದ ಶೌರ್ಯಕ್ಕೂ ಇದಕ್ಕಿಂತ ಬೇರೆ ಅರ್ಥ ಇದೆ ಅಂತ ನನಗೆ ಅನ್ನಿಸೋದಿಲ್ಲ. ಒಂದೇ ವ್ಯತ್ಯಾಸ: ಸೈನಿಕ ಒಂದು ಸಲ ನಿರ್ಧಾರ ಮಾಡ್ತಾನೆ, ಇವಳು ಪ್ರತಿ ಎಳ್ಳಮವಾಸ್ಯೆಗೂ ಮತ್ತೆ ಮಾಡಬೇಕಿತ್ತು.

ಈ ಅಳತೆಗೋಲು ಹಿಡಿದು ನೋಡಿದರೆ ಇನ್ನೂ ಹಲವರು ಕಾಣ್ತಾರೆ. ಬೀದರಿನ ಹಳೇ ಊರಲ್ಲಿ ಹೊಲಿಗೆ ಮಾಡೋ ಒಬ್ಬ ಬಾಜಿ ಇದ್ದಾರೆ. ಒಳ್ಳೆ ಸಂಬಂಧ ಬಂದಿದ್ದನ್ನು ಎರಡು ಸಲ ವಾಪಸ್ ಕಳಿಸಿ, ಸುತ್ತಲಿನವರ ಮಾತು ಕೇಳಿಸಿಕೊಂಡು, ಮಗಳನ್ನು ಪಿಯುಸಿ ಮುಗಿಸಲು ಬಿಟ್ಟವರು. ಭಾಲ್ಕಿಯಲ್ಲಿ ನಮ್ಮ ಪಕ್ಕದ ಮನೆಯ ಆಶಾ ಕಾರ್ಯಕರ್ತೆ, ಮನೆಯಲ್ಲೇ ಹೆರಿಗೆ ಆಗಲಿ ಅಂತ ಹಟ ಹಿಡಿದ ಹಿರಿಯರ ಎದುರು ನಡುರಾತ್ರಿ ನಿಂತು, ಬಸುರಿಯನ್ನು ಆಸ್ಪತ್ರೆಗೆ ಕರ್ಕೊಂಡು ಹೋಗೇ ಬಿಟ್ಟವಳು. ಮರುದಿನ ಅದೇ ಓಣಿಯಲ್ಲಿ ಅದೇ ಹಿರಿಯರ ಮುಂದೆ ಓಡಾಡಬೇಕಾದವಳು.

ಇಲ್ಲಿಗೆ ನಿಲ್ಲಿಸಿ, "ಇಂಥ ತಾಯಂದಿರಿಗೆ ನಮನ" ಅಂತ ಬರೆದು ಮುಗಿಸಬಹುದು. ಆದರೆ ನನಗೆ ಭಯ ಇರೋದೇ ಈ ನಮನದ ಬಗ್ಗೆ. ಹೊಗಳಿಕೆ ಬಹಳ ಅಗ್ಗದ ಸಂಬಳ. ಅಂಗನವಾಡಿ ಕಾರ್ಯಕ್ರಮ ಶುರುವಾಗಿದ್ದು 1975ರಲ್ಲಿ. ಕಾರ್ಯಕರ್ತೆಯರಿಗೆ ಇವತ್ತಿಗೂ ಸಿಗೋದಕ್ಕೆ ಹೆಸರು ಸಂಬಳ ಅಲ್ಲ, ಗೌರವಧನ. ಅವರಿಗೂ ಗ್ರಾಚ್ಯುಟಿ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದಿದ್ದು 2022ರಲ್ಲಿ. ಅದೇ ವರ್ಷ ದೇಶದ ಆಶಾ ಕಾರ್ಯಕರ್ತೆಯರನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟು ಗೌರವಿಸಿತು. ಪ್ರಶಸ್ತಿ ಬಂತು, ಅವರಿಗೂ ಸಿಗೋದು ಗೌರವಧನವೇ. ಗೌರವ ಅನ್ನೋ ಪದ ಇಲ್ಲಿ ಏನು ಕೆಲಸ ಮಾಡ್ತಿದೆ ನೋಡಿ. ಮನೆಯೊಳಗೂ ಇದೇ ಲೆಕ್ಕ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ಕೊಡೋದು ದಿನಕ್ಕೆ ಸರಾಸರಿ 289 ನಿಮಿಷ, ಗಂಡಸರು 88. ಅದೂ ಮನೆಗೆಲಸಕ್ಕೆ ಕೈ ಹಚ್ಚೋ ಗಂಡಸರನ್ನಷ್ಟೇ ಲೆಕ್ಕ ಹಿಡಿದರೆ. ಅವ್ವನನ್ನು "ತ್ಯಾಗಮಯಿ" ಅಂದುಬಿಟ್ಟರೆ ಆ ಅಂತರಕ್ಕೆ ಒಂದು ಹೂವಿನ ಹಾರ ಹಾಕಿದ ಹಾಗೆ. ಅಂತರ ಅಲ್ಲೇ ಇರ್ತದೆ, ಚಂದ ಕಾಣ್ತದೆ.

ಹಾಗಾದರೆ ಗುರುತಿಸೋದು ಅಂದ್ರೆ ಏನು? ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಬಸವಕಲ್ಯಾಣ ಬೀದರ ಜಿಲ್ಲೆಯ ಊರು. 12ನೇ ಶತಮಾನದಲ್ಲಿ ಅಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಅನ್ನೋ ದಂಪತಿ ಇದ್ದರು. ಬಿದ್ದ ಅಕ್ಕಿ ಆಯ್ದು ತರೋದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದ್ದಕ್ಕಿಂತ ಹೆಚ್ಚಿನದು ಬೇಡ, ತಂದಲ್ಲೇ ಸುರಿದು ಬಾ ಅಂದವಳು ಲಕ್ಕಮ್ಮ. ಈ ಕತೆಯಲ್ಲಿ ಅವಳ ಬಡತನವನ್ನು ಯಾರೂ ಹಾಡಿ ಹೊಗಳೋದಿಲ್ಲ. ಗಂಡ ಅವಳ ಮಾತು ಕೇಳ್ತಾನೆ. ಶರಣರು ಅವಳ ಮಾತು ಉಳಿಸಿಕೊಳ್ತಾರೆ. ಎಂಟು ಶತಮಾನ ದಾಟಿ ನಮಗೆ ತಲುಪಿರೋದು ಅವಳ ದುಡಿಮೆ ಒಂದೇ ಅಲ್ಲ, ಅವಳ ತೀರ್ಮಾನವೂ. ದುಡಿಮೆಯನ್ನು ಹೊಗಳೋದು ಸುಲಭ, ಯಾಕಂದ್ರೆ ಅದರಿಂದ ನಮಗೆ ಲಾಭ ಇದೆ. ತೀರ್ಮಾನಕ್ಕೆ ಬೆಲೆ ಕೊಡೋದು ಕಷ್ಟ. ಅದು ನಮ್ಮ ವಿರುದ್ಧವೂ ಇರಬಹುದು.

ದೊಡ್ಡವ್ವ ಈಗ ನಮ್ಮ ಮನೆತನದಲ್ಲಿ ಎಲ್ಲರಿಗೂ "ಗಟ್ಟಿ ಹೆಣ್ಮಗಳು". ಹೋದ ವರ್ಷ ನಮ್ಮ ಮನೆಯ ಒಂದು ಪ್ಲಾಟು ಮಾರೋ ಮಾತುಕತೆ ನಡೀತು. ಹಿರಿಯರೆಲ್ಲ ಕೂತಿದ್ದರು. ಚಹಾ ತಂದುಕೊಟ್ಟವಳು ಆ ಗಟ್ಟಿ ಹೆಣ್ಮಗಳೇ. ನೆಲ ಉಳಿಸಿಕೊಳ್ಳೋದರ ಬಗ್ಗೆ ಆ ಕೋಣೆಯಲ್ಲಿ ಅವಳಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. "ದೊಡ್ಡವ್ವ, ನೀ ಏನಂತಿ? ಕೂಡು" ಅಂತ ನಾನು ಕೇಳಿದೆ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಅವಳು ತಟ್ಟೆ ಕೆಳಗಿಟ್ಟು ಕೂತಳು, ಮಾರಬ್ಯಾಡ್ರಿ ಅಂದಳು, ಕಾರಣ ಹೇಳಿದಳು. ಅವತ್ತು ವ್ಯವಹಾರ ಮುಂದಕ್ಕೆ ಹೋಗಲಿಲ್ಲ. ನನಗೆ ಆ ದುಡ್ಡು ಬೇಕಿತ್ತು, ಇಲ್ಲಿಯ ಫ್ಲ್ಯಾಟಿನ ಅಡ್ವಾನ್ಸಿಗೆ. ಅದೂ ಮುಂದಕ್ಕೆ ಹೋಗಿದೆ.

ನಿಮ್ಮ ಮನೆಯಲ್ಲೂ ಒಬ್ಬಳು ಇರ್ತಾಳೆ. ಸ್ಟೇಟಸ್‌ನಲ್ಲಿ ಅವಳ ಫೋಟೋ ಹಾಕೋ ಮುಂಚೆ ಒಂದು ಕೆಲಸ ಮಾಡಿ. ಈಗ ಪಹಣಿ ಫೋನಿನಲ್ಲೇ ಸಿಗ್ತದೆ. ಸರ್ವೆ ನಂಬರ್ ಹಾಕಿ, ಅವಳ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಯಾಕಿಲ್ಲ ಅಂತ ಮನೆಯಲ್ಲಿ ಕೇಳಿ.