ನಿಂತ ಎಂಜಿನ್, ನಾವು ಕೊಡುವ ತೀರ್ಪು

ಹದಿನೈದು ವರ್ಷದ ಕಾರೊಂದು ಘಾಟಿಯ ಏರಿನಲ್ಲಿ ದಿಢೀರನೆ ನಿಂತರೆ ನೋಡುವವರ ಬಾಯಲ್ಲಿ ಬರುವ ಮೊದಲ ಮಾತು, 'ಸರಿಯಾಗಿ ನೋಡಿಕೊಂಡಿಲ್ಲ'. ಹೊತ್ತು ಹೊತ್ತಿಗೆ ಆಯಿಲ್ ಬದಲಿಸಿದ ಬಿಲ್ಲುಗಳನ್ನು ತೋರಿಸಿದರೂ ನಾವು ಒಪ್ಪುವುದಿಲ್ಲ. ಕಾರು ನಿಂತಿರುವುದೇ ನಮಗೆ ಸಾಕಾದ ಸಾಕ್ಷಿ. ಕೆಟ್ಟ ಫಲವನ್ನು ಕಂಡು ಅದರ ಹಿಂದೆ ಯಾರದೋ ಅಲಕ್ಷ್ಯವಿತ್ತೆಂದು ತೀರ್ಮಾನಿಸುವುದು ನ್ಯಾಯವೇ?

ಎಂಜಿನ್ ಕೆಡುವುದರಲ್ಲಿ ಎರಡು ಬಗೆ. ಬೇರಿಂಗ್ ಸವೆದರೆ ಸದ್ದು ಬರುತ್ತದೆ, ಪಿಸ್ಟನ್ ರಿಂಗ್ ಸವೆದರೆ ನೀಲಿ ಹೊಗೆ ಕಾಣುತ್ತದೆ. ಇವು ಹೇಳಿ ಬರುವ ಕಾಯಿಲೆಗಳು. ಟೈಮಿಂಗ್ ಬೆಲ್ಟ್ ಹಾಗಲ್ಲ. ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗುವಾಗ ಕ್ಯಾಮ್ ಶಾಫ್ಟ್ ಸರಿಯಾಗಿ ಒಂದು ಸುತ್ತು ತಿರುಗುವಂತೆ ಮಾಡುವ ಈ ಹಲ್ಲಿನ ರಬ್ಬರ್ ಪಟ್ಟಿ ಮುಚ್ಚಳದೊಳಗೆ ಅಡಗಿರುತ್ತದೆ. ಅದು ಹರಿದ ಕ್ಷಣ ಎಂಜಿನ್ ನಿಲ್ಲುತ್ತದೆ. ಅನೇಕ ಎಂಜಿನ್‌ಗಳಲ್ಲಿ ತೆರೆದ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗಿಹೋಗುತ್ತವೆ. ಇಷ್ಟು ಕಿಲೋಮೀಟರಿಗೆ ಅಥವಾ ಇಷ್ಟು ವರ್ಷಕ್ಕೆ ಬೆಲ್ಟ್ ಬದಲಿಸಿ ಎಂದು ತಯಾರಕರು ಹೇಳಿರುತ್ತಾರೆ. ಬದಲಿಸದಿದ್ದರೆ ಅದು ತಪ್ಪೇ. ಆದರೆ ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಪುಟ್ಟ ಟೆನ್ಷನರ್ ಕೈಕೊಟ್ಟರೆ ಹೊಸ ಬೆಲ್ಟೂ ಉಳಿಯುವುದಿಲ್ಲ. ಕ್ರ್ಯಾಂಕ್ ಸೆನ್ಸರ್ ಕೆಟ್ಟರೂ ಅಷ್ಟೇ, ಯಾವ ಸುಳಿವೂ ಇಲ್ಲದೆ ಎಂಜಿನ್ ಆರಿಹೋಗಬಹುದು.

'ಹಳೆಯದಲ್ಲವೇ, ಇನ್ನೇನಾದೀತು' ಎನ್ನುವುದು ನಮ್ಮ ಎರಡನೆಯ ತೀರ್ಪು. 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ ಎಂಬಿಬ್ಬರು ಅಮೆರಿಕದ ರಕ್ಷಣಾ ಇಲಾಖೆಗಾಗಿ ವಿಮಾನಗಳ ನಿರ್ವಹಣೆಯ ಬಗ್ಗೆ ಒಂದು ವರದಿ ಬರೆದರು. ಅವರು ನೋಡಿದ ಭಾಗಗಳಲ್ಲಿ ಇಷ್ಟು ವಯಸ್ಸಿಗೆ ಬದಲಿಸಬೇಕೆಂಬ ಮಿತಿಯಿಂದ ಪ್ರಯೋಜನ ಆಗಬಹುದಾಗಿದ್ದವು ಶೇ. 11 ಮಾತ್ರ, ಶೇ. 68ರಷ್ಟು ಭಾಗಗಳು ಕೆಡುವ ಸಂಭವ ಹೊಸದಾಗಿದ್ದಾಗಲೇ ಹೆಚ್ಚು. ಕಾರು ವಿಮಾನವಲ್ಲ, ನಿಜ. ಆದರೂ ವಯಸ್ಸೇ ಎಲ್ಲಕ್ಕೂ ಕಾರಣವೆಂಬ ನಮ್ಮ ನಂಬಿಕೆ ಎಷ್ಟು ಸಡಿಲವೆಂದು ಇದರಿಂದ ತಿಳಿಯುತ್ತದೆ.

ಹಾಗಿದ್ದೂ ನಾವು ತಪ್ಪು ಹುಡುಕುವುದೇಕೆ? ಭಯದಿಂದ. ಅವರು ನೋಡಿಕೊಳ್ಳಲಿಲ್ಲ, ನಾವು ನೋಡಿಕೊಳ್ಳುತ್ತೇವೆ, ಆದ್ದರಿಂದ ನಮಗೆ ಹೀಗಾಗದು ಎಂಬ ಸಮಾಧಾನ ನಮಗೆ ಬೇಕು. ಪಥ್ಯ, ನಡಿಗೆ ಯಾವುದನ್ನೂ ತಪ್ಪಿಸದ ಮನುಷ್ಯ ಎದೆ ಹಿಡಿದುಕೊಂಡು ಕುಸಿದಾಗ, ಮಯ್ಯತ್ ಇನ್ನೂ ಮನೆಯಲ್ಲಿರುವಾಗಲೇ 'ಮೊದಲೇ ಡಾಕ್ಟರಿಗೆ ತೋರಿಸಬೇಕಿತ್ತು' ಎಂದು ಅವನ ಹೆಂಡತಿಗೆ ಹೇಳುವವರೂ ನಾವೇ. ನಮ್ಮ ಸಮಾಧಾನದ ಬೆಲೆಯನ್ನು ತೆರುವವಳು ಆಕೆ.

ಕಾರಿನ ವಿಷಯದಲ್ಲಿ ಆ ಬೆಲೆ ಸಾಮಾನ್ಯವಾಗಿ ಚಾಲಕನ ಪಾಲಿಗೆ ಬರುತ್ತದೆ. ಬಾಡಿಗೆ ಕಾರಿನ ಎಂಜಿನ್ ನಿಂತರೆ ಅವನ ಸಂಬಳಕ್ಕೆ ಕತ್ತರಿ ಬೀಳುತ್ತದೆ, ಇಲ್ಲವೇ ಕೆಲಸವೇ ಹೋಗುತ್ತದೆ. ಎಂಜಿನ್ ಆರಿದಾಗ ಪವರ್ ಸ್ಟೀರಿಂಗ್ ಭಾರವಾಗಿ, ಒಂದೆರಡು ಸಲ ತುಳಿದ ಮೇಲೆ ಬ್ರೇಕ್ ಪೆಡಲೂ ಗಟ್ಟಿಯಾಗುತ್ತದೆ. ಅಂಥ ಹೊತ್ತಿನಲ್ಲಿ ಪ್ರಯಾಣಿಕರನ್ನು ಪ್ರಪಾತದ ಅಂಚಿನಿಂದ ಈಚೆಗೆ ತಂದು ನಿಲ್ಲಿಸಿದ್ದು ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಉರ್ದುವಿನಲ್ಲಿ ಅಮಾನತ್ ಎಂಬ ಮಾತಿದೆ: ನಂಬಿ ಒಪ್ಪಿಸಿದ ವಸ್ತು. ಅಮಾನತ್ ಹೊತ್ತವನು ಅಲಕ್ಷ್ಯ ಮಾಡದಿದ್ದರೆ, ವಸ್ತು ಹಾಳಾದರೂ ಅವನು ಅದನ್ನು ತುಂಬಿಕೊಡಬೇಕಾಗಿಲ್ಲ ಎಂಬುದು ಇಸ್ಲಾಮೀ ನ್ಯಾಯಶಾಸ್ತ್ರದ ನಿಯಮ. 1872ರ ಭಾರತೀಯ ಕರಾರು ಕಾಯ್ದೆಯ 151 ಮತ್ತು 152ನೆಯ ಕಲಂಗಳೂ ಇದನ್ನೇ ಹೇಳುತ್ತವೆ. ಇನ್ನೊಬ್ಬರ ವಸ್ತುವನ್ನು ಇಟ್ಟುಕೊಂಡವನು, ಸಾಧಾರಣ ವಿವೇಕಿಯೊಬ್ಬ ತನ್ನ ವಸ್ತುವಿಗೆ ತೋರುವಷ್ಟು ಕಾಳಜಿ ತೋರಿದ್ದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ನಷ್ಟಕ್ಕೆ ಹೊಣೆಯಲ್ಲ. ಚಾಲಕ ಸಂಬಳದ ನೌಕರ; ಈ ಕಲಂಗಳು ಅವನನ್ನು ಕುರಿತು ಬರೆದವಲ್ಲ. ಆದರೆ ಅವುಗಳ ಹಿಂದಿನ ನೀತಿ ಅವನಿಗೂ ಸಲ್ಲಬೇಕು.

ತಪ್ಪು ಯಾರದೂ ಅಲ್ಲದಿದ್ದರೂ ನಷ್ಟವನ್ನು ಯಾರಾದರೂ ಹೊರಲೇಬೇಕಲ್ಲ ಎಂದು ಮಾಲೀಕರು ಕೇಳಬಹುದು. ಹೌದು. ಕಾರು ಓಡಿದಷ್ಟು ವರ್ಷ ಅದರ ಲಾಭ ಯಾರ ಮನೆ ಸೇರಿತೋ, ನಿಂತ ದಿನದ ನಷ್ಟವೂ ಆ ಮನೆಗೇ ಸೇರಿದ್ದು. ಸರ್ವಿಸ್ ಪುಸ್ತಕ ತೆರೆದು ನೋಡೋಣ, ಕೆಟ್ಟ ಭಾಗವನ್ನು ಬಿಚ್ಚಿಸಿ ನೋಡೋಣ. ಅಲಕ್ಷ್ಯ ಕಂಡರೆ ಕೇಳೋಣ. ಕಾಣದಿದ್ದರೆ ಚಾಲಕನ ಆ ತಿಂಗಳ ಸಂಬಳವನ್ನು ಪೂರ್ತಿಯಾಗಿ ಕೊಡೋಣ.