ಆ ಕೈ ಯಾರದು?

1986ರ ಜೂನ್ 22. ಮೆಕ್ಸಿಕೋದ ವಿಶ್ವಕಪ್ ಫುಟ್ಬಾಲ್ ಪಂದ್ಯದಲ್ಲಿ ಅರ್ಜೆಂಟೀನಾದ ಮರಡೋನಾ ಇಂಗ್ಲೆಂಡಿನ ವಿರುದ್ಧ ಚೆಂಡನ್ನು ಕೈಯಿಂದಲೇ ಗೋಲಿಗೆ ತಳ್ಳಿದರು. ರೆಫರಿ ಕಾಣಲಿಲ್ಲ, ದೂರದರ್ಶನದ ಮುಂದೆ ಕುಳಿತ ಜಗತ್ತು ಕಂಡಿತು. ಅದರಲ್ಲಿ 'ದೇವರ ಕೈ'ಯೂ ಇತ್ತೆಂದರು ಮರಡೋನಾ.

1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟಿಷರೆದುರು ಅರ್ಜೆಂಟೀನಾದ 649 ಮಂದಿ ಮಡಿದಿದ್ದರು. ಅವರನ್ನು ಯುದ್ಧಕ್ಕೆ ನೂಕಿದ್ದು ಅವರದೇ ಸೇನಾ ಸರ್ಕಾರ. 2-1ರ ಗೆಲುವನ್ನು ಅನೇಕರು ಆ ಸೋಲಿನ ಸೇಡೆಂದೇ ಸಂಭ್ರಮಿಸಿದರು.

ನೋವು ನಿಜ. ಆದರೆ ನೊಂದವನಿಗೆ ಮೋಸ ಮಾಡುವ ಹಕ್ಕು ಬರುತ್ತದೆಯೇ? ಆ ಗೋಲು ಯಾವ ತಾಯಿಗೂ ಮಗನನ್ನು ಮರಳಿ ಕೊಡಲಿಲ್ಲ.

ಪ್ರಿಯರೇ, ಆಸ್ತಿ ಪಾಲಿನಲ್ಲಿ ಅಣ್ಣನಿಗೆ ವಂಚಿಸಿ, 'ದೇವರೇ ನ್ಯಾಯ ಕೊಟ್ಟ' ಎನ್ನುವವರು ನಮ್ಮಲ್ಲೂ ಇಲ್ಲವೇ? ನ್ಯಾಯವನ್ನು ಬೇಡೋಣ. ನಮ್ಮ ಕೈ ಮಾಡಿದ್ದಕ್ಕೆ ದೇವರ ಹೆಸರಿಡುವುದು ಬೇಡ.